ಮರಿ ನೋಡುವ ಮೊದಲು ಬ್ರೀಡರ್ ಯಾರೆಂದು ನೋಡಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ನಾಯಿಮರಿ ತರಬೇಕೆಂದಿದ್ದೇವೆ. ಈ ಬ್ರೀಡರ್ ನಂಬಿಕಸ್ಥರೋ ಅಲ್ಲವೋ ಹೇಗೆ ತಿಳಿಯುವುದು?” ಪ್ರಶ್ನೆಯ ಜೊತೆಗೆ ಮರಿಯ ಫೋಟೊ ಇರುತ್ತದೆ, ಕೆಲವೊಮ್ಮೆ ಕೆನಲ್ ಕ್ಲಬ್ಬಿನ, ಅಂದರೆ ತಳಿ ನಾಯಿಗಳ ವಂಶ ದಾಖಲಿಸುವ ಸಂಘದ, ನೋಂದಣಿ ಪತ್ರದ ಫೋಟೊ ಕೂಡ. ಅವೆರಡನ್ನು ನೋಡಿ ಏನನ್ನೂ ಹೇಳಲು ಬರುವುದಿಲ್ಲ. ಎಂಟು ವಾರದ ಮರಿ ಎಲ್ಲಿ ಹುಟ್ಟಿದ್ದರೂ ಮುದ್ದಾಗಿಯೇ ಇರುತ್ತದೆ. ಸೊಂಟದ ಕೀಲಿನ ದೋಷ, ಕುರುಡು ತರುವ ಕಾಯಿಲೆ, ಹೃದಯದ ತೊಂದರೆ ಇವೆಲ್ಲ ಹೊರಬೀಳುವುದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ನಂತರ.

ಬ್ಯಾಕ್‌ಯಾರ್ಡ್ ಬ್ರೀಡರ್ ಎಂದರೆ ಆರೋಗ್ಯ ಪರೀಕ್ಷೆ ಮಾಡಿಸದೆ, ವಂಶ ನೋಡದೆ, ಕೈಗೆ ಸಿಕ್ಕ ಗಂಡು ಹೆಣ್ಣನ್ನು ಕ್ರಾಸ್ ಮಾಡಿಸಿ ಮರಿ ಮಾರುವವರು. ಇವರೆಲ್ಲ ಕ್ರೂರಿಗಳಲ್ಲ. ತಮ್ಮ ನಾಯಿಯನ್ನು ಹಾಸಿಗೆಯಲ್ಲೇ ಮಲಗಿಸಿಕೊಳ್ಳುವವರೂ ಇವರಲ್ಲಿದ್ದಾರೆ. ಆದರೆ ಎಷ್ಟೇ ಪ್ರೀತಿಯಿದ್ದರೂ ರಕ್ತದಲ್ಲಿ ಅಡಗಿರುವ ದೋಷ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪರೀಕ್ಷೆಯೇ ಬೇಕು. ಇನ್ನೊಂದು ಮಾತು: ಮನೆಯಲ್ಲಿ ಮರಿ ಸಾಕುವುದು ತಪ್ಪಲ್ಲ. ಅತ್ಯುತ್ತಮ ಬ್ರೀಡರ್‌ಗಳಲ್ಲಿ ಹೆಚ್ಚಿನವರು ಮರಿಗಳನ್ನು ಮನೆಯೊಳಗೇ ಬೆಳೆಸುತ್ತಾರೆ. ಜಾಗದ ಗಾತ್ರ, ಫಲಕ, ಸೋಷಿಯಲ್ ಮೀಡಿಯಾದ ಫಾಲೋವರ್‌ಗಳು ಇವು ಯಾವುವೂ ಅಳತೆಗೋಲಲ್ಲ. ಕ್ರಾಸ್ ಮಾಡಿಸುವ ಮೊದಲು ಏನು ಮಾಡಿದರು, ಮರಿ ಕೊಟ್ಟ ಮೇಲೆ ಏನು ಮಾಡುತ್ತಾರೆ ಎಂಬ ಎರಡೇ ವಿಷಯ ನೋಡಬೇಕು. ಎರಡನ್ನೂ ನೀವೇ ಪರಿಶೀಲಿಸಬಹುದು.

ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಮೊದಲೇ ಮಾತಾಡಿಟ್ಟುಕೊಂಡ ಒಬ್ಬ ಪಶುವೈದ್ಯರು, ಮತ್ತು ಸಮಯ. ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ಅದರ ಮೇಲೆ ಮರಿ ತಾಯಿಯ ಜೊತೆ ಕನಿಷ್ಠ 8 ವಾರ ಇರಬೇಕು. ಅಂದರೆ ಕ್ರಾಸಿಂಗ್ ಆದ ದಿನದಿಂದ ಮರಿ ನಿಮ್ಮ ಮನೆಗೆ ಬರಲು ನಾಲ್ಕು ತಿಂಗಳು ಹಿಡಿಯುತ್ತದೆ, ಸರದಿ ಪಟ್ಟಿಯಿದ್ದರೆ ಇನ್ನೂ ಹೆಚ್ಚು. “ಈ ಭಾನುವಾರವೇ ಬೇಕು” ಎನ್ನುವವರಿಗೆ ಸಿಗುವುದು ಬಹುಮಟ್ಟಿಗೆ ಬ್ಯಾಕ್‌ಯಾರ್ಡ್ ಬ್ರೀಡರ್‌ನ ಮರಿಯೇ.

1. ತಳಿಯ ಕಾಯಿಲೆಗಳನ್ನು ಬರೆದುಕೊಳ್ಳಿ

ಯಾರಿಗೂ ಫೋನ್ ಮಾಡುವ ಮೊದಲು ಈ ಕೆಲಸ ಮುಗಿಸಿ. ಪ್ರತಿ ತಳಿಯಲ್ಲೂ ವಂಶದಲ್ಲಿ ಹರಿದುಬರುವ ಕೆಲವು ಕಾಯಿಲೆಗಳಿವೆ, ಯಾವ ಪರೀಕ್ಷೆ ಕೇಳಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಲ್ಯಾಬ್ರಡಾರ್‌ಗೆ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ, ಕಣ್ಣಿನ ಪರೀಕ್ಷೆ, ಪಿಆರ್‌ಎ ಡಿಎನ್‌ಎ ಪರೀಕ್ಷೆ ಬೇಕು. ಪಿಆರ್‌ಎ ಎಂದರೆ ರೆಟಿನಾ ನಿಧಾನವಾಗಿ ಕ್ಷೀಣಿಸಿ ಕೊನೆಗೆ ಪೂರ್ತಿ ಕುರುಡಾಗುವ ರೋಗ. ಜರ್ಮನ್ ಶೆಫರ್ಡ್‌ಗೆ ಸೊಂಟ, ಮೊಣಕೈಗಳ ಜೊತೆಗೆ ಡಿಜೆನರೇಟಿವ್ ಮೈಲೋಪತಿ ಪರೀಕ್ಷೆ. ಈ ರೋಗದಲ್ಲಿ ವಯಸ್ಸಾದಂತೆ ಬೆನ್ನುಹುರಿ ಹಾಳಾಗಿ ಹಿಂಗಾಲುಗಳು ಸೋಲುತ್ತವೆ. ಡಾಬರ್‌ಮನ್‌ಗೆ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಡಿಸಿಎಂ ಮತ್ತು ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ರೋಗ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗೆ ಹೃದಯದ ಕವಾಟದ ಕಾಯಿಲೆ. ಡಾಲ್ಮೇಷಿಯನ್‌ನಲ್ಲಿ ಹುಟ್ಟು ಕಿವುಡು ಸಾಮಾನ್ಯ. ಇಲ್ಲಿ ತಂದೆತಾಯಿಯ ಪರೀಕ್ಷೆಯಷ್ಟೇ ಸಾಲದು, 5 ವಾರ ದಾಟಿದ ಮೇಲೆ ಒಂದೊಂದು ಮರಿಗೂ ಬಿಎಇಆರ್ ಎಂಬ ಶ್ರವಣ ಪರೀಕ್ಷೆ ಮಾಡಿಸಿರಬೇಕು. ಪಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಉಸಿರಾಟವೇ ಮುಖ್ಯ ಪ್ರಶ್ನೆ: ತಾಯಿ ನಾಯಿ ನಾಲ್ಕು ಹೆಜ್ಜೆ ನಡೆದರೆ ಗೊರಗೊರ ಸದ್ದು ಮಾಡುತ್ತದೆಯೇ, ಮಲಗಿದಾಗ ಸಲೀಸಾಗಿ ಉಸಿರಾಡುತ್ತದೆಯೇ?

“ಎರಡು ತಳಿ ಸೇರಿದ ಮರಿಗೆ ಕಾಯಿಲೆ ಬರುವುದಿಲ್ಲ, ಪರೀಕ್ಷೆ ಬೇಕಿಲ್ಲ” ಎಂಬ ಮಾತನ್ನು ನಂಬಬೇಡಿ. ಸೊಂಟದ ದೋಷ ಎರಡೂ ತಳಿಗಳಲ್ಲಿದ್ದರೆ ಮಿಶ್ರ ಮರಿಗೂ ಬರಬಹುದು. ಮಿಶ್ರ ಮರಿಯಾದರೆ ಎರಡೂ ತಳಿಗಳ ಪಟ್ಟಿ ಬೇಕು.

2. ಫೋನಿನಲ್ಲೇ ಅರ್ಧ ಪರೀಕ್ಷೆ ಮಾಡಿ

ಮೊದಲ ಕರೆಯಲ್ಲಿ ಬಣ್ಣ, ಗಂಡು ಹೆಣ್ಣು, ಬೆಲೆ ಕೇಳಬೇಡಿ. ಇವನ್ನು ಕೇಳಿ:

ಈ ಜೋಡಿಯನ್ನೇ ಏಕೆ ಆರಿಸಿದಿರಿ? ಹೊಣೆಯರಿತ ಬ್ರೀಡರ್ ಇದಕ್ಕೆ ಹತ್ತು ನಿಮಿಷ ಉತ್ತರಿಸುತ್ತಾರೆ. ಹೆಣ್ಣಿನ ಕೊರತೆ ಏನು, ಅದನ್ನು ಸರಿದೂಗಿಸಲು ಗಂಡನ್ನು ಎಲ್ಲಿಂದ ತಂದರು ಎಂದು ಹೇಳುತ್ತಾರೆ. “ಎರಡೂ ನಮ್ಮ ಹತ್ತಿರವೇ ಇದ್ದವು, ಚೆನ್ನಾಗಿವೆ” ಎಂಬುದು ಉತ್ತರವಲ್ಲ. ಅನೇಕರು ಇಲ್ಲಿ ತಲೆಕೆಳಗಾಗಿ ಯೋಚಿಸುತ್ತಾರೆ: ತಂದೆ ತಾಯಿ ಎರಡೂ ಒಂದೇ ಅಂಗಳದಲ್ಲಿ ಕಂಡರೆ ಭರವಸೆ ಬರುತ್ತದೆ, ತಂದೆ ಇಲ್ಲದಿದ್ದರೆ ಅನುಮಾನ. ನಿಜಕ್ಕೂ ಸರಿಹೊಂದುವ ಗಂಡು ಬೇರೆ ಊರಲ್ಲೋ ಬೇರೆ ದೇಶದಲ್ಲೋ ಇರುವುದೇ ಹೆಚ್ಚು. ತಂದೆ ಎದುರಿಗೆ ಇಲ್ಲದಿದ್ದರೂ ನಡೆಯುತ್ತದೆ, ಅದರ ಪರೀಕ್ಷಾ ವರದಿ ಇರಲೇಬೇಕು.

ತಾಯಿಯ ವಯಸ್ಸೆಷ್ಟು, ಇದು ಎಷ್ಟನೆಯ ಸೂಲು? ಮೊದಲ ಬೆದೆಯಲ್ಲೇ ಕ್ರಾಸ್ ಮಾಡಿಸಿದ್ದರೆ ಅಲ್ಲಿಗೆ ಮಾತು ಮುಗಿಸಿ. ಆ ವಯಸ್ಸಿಗೆ ನಾಯಿಯ ದೇಹವೂ ಬಲಿತಿರುವುದಿಲ್ಲ, ಕೀಲುಗಳ ಅಂತಿಮ ಎಕ್ಸ್‌ರೇ ವರದಿಯೂ ಬಂದಿರುವುದಿಲ್ಲ. ಸೂಲಿಗೂ ಮಿತಿ ಬೇಕು. ಬ್ರಿಟನ್ನಿನ ಕೆನಲ್ ಕ್ಲಬ್ ಒಂದು ಹೆಣ್ಣಿನಿಂದ ನಾಲ್ಕಕ್ಕಿಂತ ಹೆಚ್ಚು ಸೂಲಿನ ಮರಿಗಳನ್ನು ನೋಂದಾಯಿಸುವುದಿಲ್ಲ.

ಬ್ರುಸೆಲ್ಲಾ ಪರೀಕ್ಷೆ ಆಗಿತ್ತೇ? ಬ್ರುಸೆಲ್ಲಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ಕ್ರಾಸಿಂಗ್ ಮೂಲಕ ಹರಡುತ್ತದೆ, ಗರ್ಭಪಾತ ತರುತ್ತದೆ, ಮನುಷ್ಯರಿಗೂ ತಗಲುತ್ತದೆ. ಒಮ್ಮೆ ಅಂಟಿದರೆ ನಾಯಿಯಿಂದ ಪೂರ್ತಿ ಹೋಗುವ ಭರವಸೆ ಇಲ್ಲ. ಆದ್ದರಿಂದ ಕ್ರಾಸಿಂಗ್‌ಗೆ ಮೊದಲು ಗಂಡು ಹೆಣ್ಣು ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬ್ಯಾಕ್‌ಯಾರ್ಡ್ ಬ್ರೀಡರ್‌ಗಳಲ್ಲಿ ಬಹುತೇಕರು ಈ ಹೆಸರನ್ನೇ ಕೇಳಿರುವುದಿಲ್ಲ. ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಿ.

ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನೂ ಗಮನಿಸಿ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಹಿಂದೆ ಸಾಕಿದ ನಾಯಿ ಏನಾಯಿತು, ಮಕ್ಕಳ ವಯಸ್ಸೆಷ್ಟು, ಕಾಂಪೌಂಡ್ ಇದೆಯೇ ಎಂದೆಲ್ಲ ವಿಚಾರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಹುಟ್ಟಿಸಿದ ಮರಿಯ ಬಗ್ಗೆ ಕಾಳಜಿ ಇರುವವರು ಹೀಗೆಯೇ ಕೇಳುತ್ತಾರೆ. ಒಂದೂ ಪ್ರಶ್ನೆ ಕೇಳದೆ “ಅಡ್ವಾನ್ಸ್ ಹಾಕಿ” ಎನ್ನುವವರಿಗೆ ಮರಿ ಎಲ್ಲಿಗೆ ಹೋದರೂ ಒಂದೇ.

3. ವರದಿಗಳನ್ನು ತರಿಸಿಕೊಂಡು ಓದಿ

ಹೆಚ್ಚಿನವರು ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿಕೊಳ್ಳಿ.

ನೋಂದಣಿ ಪತ್ರ ಅಥವಾ ಪೆಡಿಗ್ರೀ ಹೇಳುವುದು ಇಷ್ಟೇ: ಈ ಮರಿಯ ತಂದೆತಾಯಿ, ಅಜ್ಜ ಅಜ್ಜಿ ಇಂಥವರು. ಮರಿ ಆರೋಗ್ಯವಾಗಿರುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಕುರುಡಾಗುವ ರೋಗವಿರುವ ಎರಡು ನಾಯಿಗಳ ಮರಿಗೂ ಪತ್ರ ಸಿಗುತ್ತದೆ. ಹಾಗೆಯೇ “ಡಾಕ್ಟರ್ ನೋಡಿದ್ದಾರೆ” ಎಂಬುದು ಬೇರೆ, “ಪರೀಕ್ಷೆ ಮಾಡಿಸಿದೆ” ಎಂಬುದು ಬೇರೆ. ಪಶುವೈದ್ಯರು ಸ್ಟೆತಸ್ಕೋಪ್ ಇಟ್ಟು, ಬಾಯಿ ಕಿವಿ ನೋಡಿ ಆರೋಗ್ಯವಾಗಿದೆ ಎಂದು ಬರೆದುಕೊಟ್ಟರೆ ಅದು ಆ ದಿನದ ಸ್ಥಿತಿ ಮಾತ್ರ.

ಡಿಎನ್‌ಎ ವರದಿಯಲ್ಲಿ ಮೂರು ಪದಗಳು ಬರುತ್ತವೆ. ಕ್ಲಿಯರ್ ಎಂದರೆ ದೋಷದ ಜೀನ್ ಇಲ್ಲ. ಕ್ಯಾರಿಯರ್ ಎಂದರೆ ಒಂದು ಪ್ರತಿ ಇದೆ, ನಾಯಿಗೆ ರೋಗ ಬರುವುದಿಲ್ಲ, ಮರಿಗಳಿಗೆ ದಾಟಿಸಬಲ್ಲದು. ಅಫೆಕ್ಟೆಡ್ ಎಂದರೆ ಎರಡೂ ಪ್ರತಿಗಳಿವೆ. ಪಿಆರ್‌ಎಯಂಥ ರೋಗಗಳಲ್ಲಿ ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಅಫೆಕ್ಟೆಡ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕ್ಯಾರಿಯರ್ ಮತ್ತು ಕ್ಲಿಯರ್ ಕೂಡಿದರೆ ಒಂದು ಮರಿಗೂ ಆ ರೋಗ ಬರುವುದಿಲ್ಲ. ಆದ್ದರಿಂದ “ಕ್ಯಾರಿಯರ್” ಎಂಬ ಪದ ಕಂಡ ಕೂಡಲೇ ಓಡಬೇಡಿ. ಅದನ್ನು ಮುಚ್ಚಿಡದೆ ತೋರಿಸಿ, ಜೋಡಿಯ ವರದಿ ಕ್ಲಿಯರ್ ಇದೆ ಎಂದು ವಿವರಿಸುವವರು ಕೆಲಸ ಬಲ್ಲವರು.

ಸೊಂಟದ ಕೀಲಿನ ದೋಷಕ್ಕೆ, ಅಂದರೆ ಹಿಪ್ ಡಿಸ್‌ಪ್ಲೇಸಿಯಾಗೆ, ಒಂದೇ ಡಿಎನ್‌ಎ ಪರೀಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ. ಅನೇಕ ಜೀನ್‌ಗಳ ಜೊತೆಗೆ ಮೈತೂಕ, ಆಹಾರ, ವ್ಯಾಯಾಮವೂ ಅದರಲ್ಲಿ ಪಾಲುಗೊಳ್ಳುತ್ತವೆ. ಎಕ್ಸ್‌ರೇಯೇ ದಾರಿ. ಅಮೆರಿಕದ ಓಎಫ್‌ಎ ಸಂಸ್ಥೆ ಅಂತಿಮ ಪ್ರಮಾಣಪತ್ರ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಅದಕ್ಕೆ ಮುಂಚಿನದು ಪ್ರಾಥಮಿಕ ವರದಿ ಮಾತ್ರ. ಪೆನ್‌ಹಿಪ್ ಎಂಬ ಇನ್ನೊಂದು ವಿಧಾನ ಕೀಲು ಎಷ್ಟು ಸಡಿಲವಾಗಿದೆ ಎಂದು ಅಳೆಯುತ್ತದೆ, ಅದನ್ನು 16 ವಾರಗಳಿಂದಲೇ ಮಾಡಬಹುದು. ಎಕ್ಸ್‌ರೇ ತೆಗೆದ ದಿನಾಂಕವನ್ನು ನಾಯಿಯ ಹುಟ್ಟಿದ ದಿನಾಂಕದ ಜೊತೆ ಹೋಲಿಸಿ ನೋಡಿ.

ದಿನಾಂಕ ಇನ್ನೊಂದು ಕಾರಣಕ್ಕೂ ಮುಖ್ಯ. ಡಿಎನ್‌ಎ ಫಲಿತಾಂಶ ಜೀವನಪೂರ್ತಿ ಬದಲಾಗುವುದಿಲ್ಲ. ಕಣ್ಣು ಮತ್ತು ಹೃದಯದ ಫಲಿತಾಂಶ ಹಾಗಲ್ಲ. ಕಣ್ಣಿನ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಡಾಬರ್‌ಮನ್ ಸಾಕುವ ಗಂಭೀರ ಬ್ರೀಡರ್‌ಗಳು ಹೃದಯದ ಅಲ್ಟ್ರಾಸೌಂಡ್ ಮತ್ತು 24 ಗಂಟೆಯ ಹೃದಯ ಬಡಿತವನ್ನು ಹಿಡಿದಿಡುವ ಹೋಲ್ಟರ್ ದಾಖಲೆಯನ್ನು ಪ್ರತಿ ವರ್ಷ ಮಾಡಿಸುತ್ತಾರೆ, ಏಕೆಂದರೆ ಡಿಸಿಎಂ ನಡುವಯಸ್ಸಿನಲ್ಲಿ ಸದ್ದಿಲ್ಲದೆ ಶುರುವಾಗುತ್ತದೆ. ಮೂರು ವರ್ಷ ಹಳೆಯ ಹೃದಯದ ವರದಿ ಇಟ್ಟುಕೊಂಡು ಈಗ ಕ್ರಾಸ್ ಮಾಡಿಸಿದ್ದರೆ ಅದನ್ನು ಪರೀಕ್ಷೆ ಆಗಿದೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ರಕ್ತಸಂಬಂಧವನ್ನೂ ಕೇಳಿ. ಸಿಒಐ ಎಂಬ ಶೇಕಡಾವಾರು ಅಂಕಿ ತಂದೆತಾಯಿ ಎಷ್ಟು ಹತ್ತಿರದ ನೆಂಟರು ಎಂದು ಹೇಳುತ್ತದೆ. ಒಡಹುಟ್ಟಿದವುಗಳನ್ನು ಅಥವಾ ತಾಯಿ ಮಗನನ್ನು ಕೂಡಿಸಿದರೆ ಮರಿಯ ಸಿಒಐ ಕನಿಷ್ಠ 25, ತಾಯಿ ಅಥವಾ ತಂದೆ ಮಾತ್ರ ಒಂದೇ ಆಗಿರುವ ಒಡಹುಟ್ಟುಗಳನ್ನು ಕೂಡಿಸಿದರೆ 12.5. ಪೆಡಿಗ್ರೀಯಲ್ಲಿ ಒಂದೇ ಹೆಸರು ತಂದೆಯ ಕಡೆಯೂ ತಾಯಿಯ ಕಡೆಯೂ ಬಂದಿದೆಯೇ ಎಂದು ನೀವೇ ಬೆರಳಿಟ್ಟು ನೋಡಬಹುದು.

ಕೊನೆಯದಾಗಿ, ವರದಿಯಲ್ಲಿರುವ ಮೈಕ್ರೋಚಿಪ್ ಸಂಖ್ಯೆಯನ್ನು ಗುರುತಿಟ್ಟುಕೊಳ್ಳಿ. ಚಿಪ್ ಎಂದರೆ ಚರ್ಮದಡಿ ಹಾಕುವ ಅಕ್ಕಿಕಾಳಿನ ಗಾತ್ರದ ಗುರುತು, ಸಂಖ್ಯೆ ಸಾಮಾನ್ಯವಾಗಿ 15 ಅಂಕಿಯದು. ಚಿಪ್ ಸಂಖ್ಯೆ ಇಲ್ಲದ ವರದಿ ಯಾವ ನಾಯಿಯದೂ ಆಗಿರಬಹುದು.

4. ಸ್ಥಳಕ್ಕೆ ಹೋಗಿ, ತಾಯಿಯನ್ನು ನೋಡಿ

ನಡುದಾರಿಯಲ್ಲಿ, ಪಾರ್ಕಿಂಗ್ ಜಾಗದಲ್ಲಿ ಮರಿ ತಂದು ಕೊಡುತ್ತೇನೆ ಎಂದರೆ ಒಪ್ಪಬೇಡಿ. ಮರಿ ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಗೆ ನೋಡಬೇಕು. ಈ ಕಾರಣಕ್ಕಾಗಿಯೇ ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ನಾಯಿಮರಿಗಳನ್ನು ಮಧ್ಯವರ್ತಿಗಳು ವ್ಯಾಪಾರಕ್ಕಾಗಿ ಮಾರುವುದನ್ನು ನಿಷೇಧಿಸಲಾಗಿದೆ.

ಒಂದೇ ದಿನ ಎರಡು ಕಡೆ ಹೋಗಬೇಡಿ. ಮರಿಗಳಲ್ಲಿ ಪ್ರಾಣಾಂತಿಕ ವಾಂತಿಭೇದಿ ತರುವ ಪಾರ್ವೊ ವೈರಸ್ ಚಪ್ಪಲಿ, ಬಟ್ಟೆಯಲ್ಲಿ ಅಂಟಿಕೊಂಡು ಹೋಗುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ತೀರ ಎಳೆ ಮರಿಗಳನ್ನು ಮುಟ್ಟಲು ಬಿಡದಿದ್ದರೆ, ಪಾದರಕ್ಷೆ ಹೊರಗೆ ಬಿಡಿ ಎಂದರೆ ಅದು ಜಂಬವಲ್ಲ, ಎಚ್ಚರಿಕೆ.

ತಾಯಿ ನಿಜವಾದ ತಾಯಿಯೇ ಎಂದು ನೋಡಿ. ಮರಿ ಹಾಕಿ ಕೆಲವು ವಾರವಾದ ನಾಯಿಯ ಮೊಲೆಗಳು ಜೋತಿರುತ್ತವೆ, ಕೂದಲು ಉದುರಿರುತ್ತದೆ, ಸ್ವಲ್ಪ ಸೊರಗಿರಲೂಬಹುದು. ಮಿರಮಿರ ಮಿಂಚುವ ಕೂದಲು, ಒಣಗಿದ ಮೊಲೆಯ ನಾಯಿಯನ್ನು ತೋರಿಸಿದರೆ ಅದು ಬೇರೆ ನಾಯಿ ಇರಬಹುದು. ತಾಯಿ ಮರಿಗಳ ಬಳಿ ತುಸು ಬಿಗಿಯಾಗಿರುವುದು ಸಹಜ. ಆದರೆ ಮೂಲೆಗೆ ಸರಿದು ನಡುಗುವ ಅಥವಾ ಮನೆಯವರ ಮೇಲೇ ಗುರ್ ಎನ್ನುವ ತಾಯಿಯ ಮರಿ ಬೇಡ. ಅಂಜುಕುಳಿತನ ವಂಶದಿಂದಲೂ ಬರುತ್ತದೆ, ಅಂಜುವ ತಾಯಿಯನ್ನು ನೋಡಿ ಮರಿಯೂ ಕಲಿಯುತ್ತದೆ.

ಮರಿಗಳ ಜಾಗದಲ್ಲಿ ಮಲಗುವ ಕಡೆ ಬೇರೆ, ಹೇಸಿಗೆ ಮಾಡುವ ಕಡೆ ಬೇರೆ ಇರಬೇಕು. ಹೇಸಿಗೆಯ ಮೇಲೇ ಮಲಗಿ ಬೆಳೆದ ಮರಿಗೆ ಮುಂದೆ ಶೌಚದ ಶಿಸ್ತು ಕಲಿಸುವುದು ಬಹಳ ಕಷ್ಟ. ಮೂರನೆಯ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುತ್ತದೆ. ಅದರಲ್ಲಿ ಮೊದಲ ಐದು ವಾರ ಬ್ರೀಡರ್ ಕೈಯಲ್ಲೇ ಕಳೆಯುತ್ತದೆ. ಆದ್ದರಿಂದ ಕೇಳಿ: ಮಿಕ್ಸಿ, ಕುಕ್ಕರ್‌ಗಳ ಸದ್ದು ಕೇಳಿಸಿದ್ದಾರೆಯೇ? ಮಕ್ಕಳು, ಅಪರಿಚಿತರು ಎತ್ತಿಕೊಂಡಿದ್ದಾರೆಯೇ? ಹುಲ್ಲು, ಟೈಲ್ಸ್, ಮಣ್ಣಿನ ಮೇಲೆ ಓಡಾಡಿವೆಯೇ? ಶೆಡ್ಡಿನಲ್ಲೇ ಕಳೆದ ಐದು ವಾರಗಳನ್ನು ಮತ್ತೆ ತುಂಬಿಕೊಡುವುದು ನಿಮ್ಮಿಂದ ಪೂರ್ತಿಯಾಗಿ ಆಗುವುದಿಲ್ಲ.

ಮರಿಯನ್ನು ಎತ್ತಿಕೊಂಡು ಕಣ್ಣು, ಮೂಗು, ಕಿವಿ ಸೋರದೆ ಸ್ವಚ್ಛವಾಗಿವೆಯೇ, ವಸಡು ಗುಲಾಬಿ ಬಣ್ಣವಿದೆಯೇ, ಹೊಕ್ಕುಳಲ್ಲಿ ಗುಳ್ಳೆಯಂಥ ಉಬ್ಬು ಇದೆಯೇ, ಬಾಲದ ಕೆಳಗೆ ಭೇದಿಯ ಕಲೆ ಇದೆಯೇ ನೋಡಿ. ಮೈ ಸಣಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತುಹುಳು ತುಂಬಿದೆ ಎಂದು ಅನುಮಾನಿಸಬೇಕು.

“ಟೀಕಪ್”, “ಅಪರೂಪದ ಬಣ್ಣ” ಎಂದು ಹೆಚ್ಚು ಬೆಲೆ ಹೇಳಿದರೆ ಅಲ್ಲೇ ನಿಲ್ಲಿ. ಅತಿ ಚಿಕ್ಕ ಮರಿಗಳಲ್ಲಿ ಒಂದೆರಡು ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೆ ಬರುತ್ತದೆ. ಮಚ್ಚೆ ಮಚ್ಚೆಯ ಮರ್ಲ್ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಆ ಜೀನಿನ ಎರಡು ಪ್ರತಿ ಸಿಗುವ ಸಾಧ್ಯತೆಯಿದೆ. ಅಂಥ ಮರಿಗಳಲ್ಲಿ ಕಿವುಡು, ಕಣ್ಣಿನ ದೋಷ ಸಾಮಾನ್ಯ. ಬಣ್ಣಕ್ಕಾಗಿ ಈ ಅಪಾಯವನ್ನು ಮರಿಯ ತಲೆಗೆ ಕಟ್ಟುವುದು ಅನ್ಯಾಯ.

5. ಲಸಿಕೆ ಕಾರ್ಡ್ ಪರೀಕ್ಷಿಸಿ

ಜಂತುಹುಳು ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಮರಿಗೆ ಬರುತ್ತದೆ. ಆದ್ದರಿಂದ 2, 4, 6, 8ನೇ ವಾರಗಳಲ್ಲಿ ಔಷಧ ಕೊಟ್ಟ ದಾಖಲೆ ಇರಬೇಕು.

ಲಸಿಕೆ 6ರಿಂದ 8ನೇ ವಾರದಲ್ಲಿ ಶುರುವಾಗಿ, 2ರಿಂದ 4 ವಾರಕ್ಕೊಮ್ಮೆ, 16ನೇ ವಾರ ಅಥವಾ ಆಚೆಯವರೆಗೆ ಮುಂದುವರಿಯಬೇಕು. ಕಾರಣವಿದೆ: ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆ ಕೆಲಸ ಮಾಡದೆ ಹೋಗಬಹುದು, ಅದು ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಎಂಟು ವಾರದ ಮರಿ ತೋರಿಸಿ “ಎಲ್ಲ ಲಸಿಕೆ ಮುಗಿದಿದೆ” ಎಂದರೆ ಒಂದೋ ಸುಳ್ಳು, ಇಲ್ಲವೇ ಅಜ್ಞಾನ. ಕಾರ್ಡಿನಲ್ಲಿ ಲಸಿಕೆ ಬಾಟಲಿಯ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್, ದಿನಾಂಕ, ಪಶುವೈದ್ಯರ ಸಹಿ ಇರಬೇಕು. ಎಲ್ಲ ಸಾಲುಗಳೂ ಒಂದೇ ಪೆನ್ನಿನಲ್ಲಿ, ಸ್ಟಿಕ್ಕರ್ ಇಲ್ಲದೆ ತುಂಬಿದ್ದರೆ ಆ ವೈದ್ಯರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

6. ಕರಾರು, ಆಮೇಲೆ ಹಣ

ಬರಹದ ಕರಾರಿಲ್ಲದೆ ಹಣ ಕೊಡಬೇಡಿ. ಅದರಲ್ಲಿ ನೋಡಬೇಕಾದ ಮೊದಲ ಸಾಲು: ಯಾವ ವಯಸ್ಸಿನಲ್ಲಾದರೂ, ಯಾವ ಕಾರಣಕ್ಕಾದರೂ ನಿಮಗೆ ನಾಯಿಯನ್ನು ಸಾಕಲು ಆಗದಿದ್ದರೆ ಬ್ರೀಡರ್ ವಾಪಸ್ ತೆಗೆದುಕೊಳ್ಳುತ್ತಾರೆಯೇ? ಹೊಣೆಯರಿತವರು ಇದನ್ನು ತಾವಾಗಿಯೇ ಬರೆದಿರುತ್ತಾರೆ. ನಾಯಿ ಬೀದಿಗೆ ಬೀಳಬಾರದು ಎಂಬುದೇ ಅದರ ಉದ್ದೇಶ.

ಆರೋಗ್ಯದ ಗ್ಯಾರಂಟಿಯನ್ನು ಪದ ಪದವಾಗಿ ಓದಿ. “ವಂಶವಾಹಿ ಕಾಯಿಲೆ ಬಂದರೆ ನಾಯಿಯನ್ನು ಹಿಂದಿರುಗಿಸಿ, ಬೇರೆ ಮರಿ ಕೊಡುತ್ತೇವೆ” ಎಂಬ ಷರತ್ತು ಕೇಳಲು ಚೆನ್ನಾಗಿದೆ. ಆದರೆ ಒಂದು ವರ್ಷ ಮನೆಮಗುವಂತೆ ಸಾಕಿದ ನಾಯಿಯನ್ನು ಯಾರೂ ಹಿಂದಿರುಗಿಸುವುದಿಲ್ಲ, ಅದನ್ನು ಬರೆದವರಿಗೂ ಅದು ಗೊತ್ತಿರುತ್ತದೆ. ನಾಯಿಯನ್ನು ನೀವೇ ಇಟ್ಟುಕೊಂಡು ಹಣದ ಒಂದು ಭಾಗವನ್ನಾದರೂ ವಾಪಸ್ ಪಡೆಯುವ ಅವಕಾಶವಿದೆಯೇ ನೋಡಿ.

ಆನ್‌ಲೈನ್‌ನಲ್ಲಿ ಮಾತ್ರ ಮಾತಾಡಿದವರಿಗೆ ಅಡ್ವಾನ್ಸ್ ಹಾಕುವ ಮೊದಲು ಮರಿಯ ಫೋಟೊವನ್ನು ಇಮೇಜ್ ಸರ್ಚ್‌ನಲ್ಲಿ ಹುಡುಕಿ, ಬೇರೆಯವರ ಫೋಟೊ ಕದ್ದಿದ್ದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ವಿಡಿಯೊ ಕರೆ ಮಾಡಿ, ತಾಯಿಯ ಪಕ್ಕದಲ್ಲಿ ಮರಿ ಇಟ್ಟು ನೀವು ಹೇಳಿದ ಕಾಲು ಎತ್ತಿ ತೋರಿಸಲು ಕೇಳಿ. ಹಣ ಹೋದ ಮೇಲೆ ಸಾಗಣೆಗೆ, ಬೋನಿಗೆ, ವಿಮೆಗೆ ಎಂದು ಮತ್ತೆ ಮತ್ತೆ ಕೇಳುವುದು ವಂಚಕರ ಪರಿಚಿತ ದಾರಿ.

7. ಮರಿ ತಂದ ಮೊದಲ ಮೂರು ದಿನ

ಮೂರು ದಿನದೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ, ಮಲ ಪರೀಕ್ಷೆ ಮಾಡಿಸಿ, ಹೃದಯದ ಸದ್ದು ಕೇಳಿಸಿ. ಚಿಪ್ ಇದ್ದರೆ ಸ್ಕ್ಯಾನ್ ಮಾಡಿಸಿ ಪತ್ರದ ಸಂಖ್ಯೆಯೊಂದಿಗೆ ತಾಳೆ ನೋಡಿ. ಒಂದೆರಡು ವಾರದ ಮಟ್ಟಿಗೆ ಬೇರೆ ಮರಿಗಳಿಂದ ದೂರವಿಡಿ: ಪಾರ್ವೊ ತಗುಲಿದ ಮರಿ ಲಕ್ಷಣ ತೋರಿಸಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರವೂ ಹಿಡಿಯುತ್ತದೆ. ವಾಂತಿ, ರಕ್ತಭೇದಿ, ಊಟ ಬಿಡುವುದು ಕಂಡರೆ ಮರುದಿನದವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಕರುಣೆಯ ಖರೀದಿ, ಮತ್ತು ಈಗಾಗಲೇ ತಂದಿದ್ದರೆ

ಕೆಟ್ಟ ಜಾಗದಲ್ಲಿ ಸೊರಗಿದ ಮರಿ ಕಂಡಾಗ “ಇದನ್ನಾದರೂ ಉಳಿಸೋಣ” ಎಂದು ಹಣ ಕೊಡಲು ಮನಸ್ಸಾಗುತ್ತದೆ. ಆ ಮನಸ್ಸು ಒಳ್ಳೆಯದೇ. ಆದರೆ ನೀವು ಕೊಟ್ಟ ಹಣದ ಲೆಕ್ಕ ಹಾಕಿ ಅದೇ ತಾಯಿಯನ್ನು ಮುಂದಿನ ಬೆದೆಯಲ್ಲಿ ಮತ್ತೆ ಕ್ರಾಸ್ ಮಾಡಿಸುತ್ತಾರೆ. ಖರೀದಿಸದೆ ಹೊರಬಂದು, ಕಂಡದ್ದನ್ನು ದಿನಾಂಕ ಸಹಿತ ಬರೆದು, ಸ್ಥಳೀಯ ಪ್ರಾಣಿ ಕಲ್ಯಾಣ ಅಧಿಕಾರಿಗಳಿಗೆ ದೂರು ಕೊಡಿ. ನಾಯಿಗೆ ಮನೆ ಕೊಡುವುದೇ ಮುಖ್ಯವಾದರೆ ಆಶ್ರಯ ಕೇಂದ್ರದಿಂದ ದತ್ತು ತನ್ನಿ.

ಬ್ಯಾಕ್‌ಯಾರ್ಡ್ ಬ್ರೀಡರ್‌ನಿಂದ ಈಗಾಗಲೇ ಮರಿ ತಂದವರು ಅಪರಾಧಿ ಭಾವದಲ್ಲಿ ಕೂರುವುದು ಬೇಡ. ಮೊದಲ ಹಂತದ ಪಟ್ಟಿಯನ್ನು ತೆಗೆದುಕೊಂಡು ಹೋಗಿ, ತಂದೆತಾಯಿಗೆ ಆಗಬೇಕಿದ್ದ ಪರೀಕ್ಷೆಗಳಲ್ಲಿ ಈಗ ನಿಮ್ಮ ನಾಯಿಗೆ ಯಾವುದನ್ನು ಮಾಡಿಸಿದರೆ ಉಪಯೋಗ ಎಂದು ಪಶುವೈದ್ಯರನ್ನು ಕೇಳಿ. ದೊಡ್ಡ ತಳಿಯಾದರೆ ಬೆಳೆಯುವ ಕಾಲದಲ್ಲಿ ಮೈ ತೆಳ್ಳಗಿರಲಿ, ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು. ಸೊಂಟದ ಕೀಲಿನ ಮೇಲೆ ಬೀಳುವ ಭಾರ ಕಡಿಮೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. “ಒಂದು ಸಲ ಮರಿ ಹಾಕಿಸಿದರೆ ಹೆಣ್ಣುನಾಯಿಯ ಆರೋಗ್ಯಕ್ಕೆ ಒಳ್ಳೆಯದು” ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ, ಪರೀಕ್ಷೆ ಮಾಡಿಸದ ನಾಯಿಯನ್ನು ಕ್ರಾಸ್ ಮಾಡಿಸಬೇಡಿ. ಸಂತಾನಹರಣ ಚಿಕಿತ್ಸೆಗೆ ಸರಿಯಾದ ವಯಸ್ಸು ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ ಆ ದಿನಾಂಕವನ್ನು ಮೊದಲ ಭೇಟಿಯಲ್ಲೇ ವೈದ್ಯರ ಜೊತೆ ಮಾತಾಡಿ ಗುರುತು ಹಾಕಿಕೊಳ್ಳಿ.